ಸ್ಕಾಟ್ಲೆಂಡಿನ ಗುಡ್ಡದ ಮೇಲೆ ನೀಲವ್ವನ ಮನೆ

ರಾಣೇಬೆನ್ನೂರಿನ ಬಸ್ ಸ್ಟ್ಯಾಂಡಿನ ಎದುರಿಗಿರುವ ಚಹಾದಂಗಡಿಯಲ್ಲಿ ನನ್ನ ಪರದೇಶ ಪ್ರವಾಸದ ಬಗ್ಗೆ ಮೂರು ಕಥೆಗಳು ಓಡಾಡುತ್ತಿವೆ. ಮೂರನ್ನೂ ನಾನೇ ಬಿಟ್ಟದ್ದು. ಒಂದರಲ್ಲಿ ನಾನು ಅಲ್ಲಿನ ಮಂತ್ರಿಯೊಬ್ಬನ ಕಾರಿಗೆ ಸೈಡ್ ಕೊಡದೆ ಎರಡು ಮೈಲಿ ಹಿಂದೆ ಹಿಂದೆಯೇ ಬರಿಸಿದ್ದೇನೆ. ಇನ್ನೊಂದರಲ್ಲಿ ಕರಡಿಯ ಜೊತೆ ಒಂದೇ ಕಂಬಳಿ ಹೊದ್ದು ಮಳೆ ಕಳೆದಿದ್ದೇನೆ. ಮೂರನೆಯದು ಹೆಂಗಸರ ಮುಂದೆ ಹೇಳುವಂಥದ್ದಲ್ಲ. ನಾಲ್ಕನೆಯದೊಂದಿದೆ, ಅದನ್ನು ಚಹಾದಂಗಡಿಯಲ್ಲಿ ಹೇಳಿಲ್ಲ. ಹೇಳಿದ್ದು ನನ್ನ ಹೆಂಡತಿ ನೀಲವ್ವನಿಗೆ. ಎರಡು ವರ್ಷ ಆ ಒಂದು ಸುಳ್ಳನ್ನು ಬಸ್ಸಿನ ಹಾಗೆ ಜೋಪಾನವಾಗಿ ಓಡಿಸಿದೆ. ಹೋದ ಶ್ರಾವಣದಲ್ಲಿ ಆಕೆ ತೀರಿಕೊಂಡಳು. ಇನ್ನು ನಿಜ ಬರೆಯಬಹುದು.

ನಾನು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಹಾವೇರಿಯಿಂದ ಗುತ್ತಲಕ್ಕೆ ಹೋಗುವ ರಸ್ತೆಯ ಒಂದೊಂದು ಗುಂಡಿಗೂ ನನ್ನ ಗುರುತಿದೆ. ಒಂದು ಕೋಳಿಯನ್ನೂ ಕೊಂದವನಲ್ಲ. ಆದರೆ ಪ್ರಯಾಣಿಕರನ್ನು ಸುಮ್ಮನೆ ಬಿಟ್ಟವನೂ ಅಲ್ಲ. ಬ್ಯಾಡಗಿ ರೂಟಿಗೆ ಹಾಕಿದಾಗ ಅಲ್ಲಿನ ಮೆಣಸಿನಕಾಯಿ ಮಾರ್ಕೆಟ್ ಹತ್ತಿರ ಎಲ್ಲರೂ ಮೂಗಿಗೆ ಸೆರಗು, ಟವೆಲ್ಲು ಹಿಡಿದುಕೊಳ್ಳುತ್ತಾರೆ. ನಾನು ಸರಿಯಾಗಿ ಅಲ್ಲೇ ಬಸ್ಸು ನಿಲ್ಲಿಸಿ, ಕೆಳಗಿಳಿದು, ಟೈರಿಗೆ ಒದ್ದು, ಏನೋ ಕೆಟ್ಟಿದೆ ಎಂಬಂತೆ ತಲೆ ಕೆರೆದುಕೊಳ್ಳುತ್ತ ನಿಲ್ಲುತ್ತಿದ್ದೆ. ಐವತ್ತು ಜನ ಒಟ್ಟಿಗೆ ಸೀನುವ ಸದ್ದು ಕೇಳಿದವರಿಗೇ ಗೊತ್ತು.

ಇಂಥ ಬುದ್ಧಿಯವನ ಸಂಸಾರ ಒಂದೇ ಮನೆಯಲ್ಲಿ ನಿಲ್ಲುವುದು ಹೇಗೆ? ಒಂಬತ್ತು ಬಾಡಿಗೆ ಮನೆ ಬದಲಿಸಿದೆವು. ಕೆಲವು ವರ್ಗಾವಣೆಯಿಂದ, ಉಳಿದವು ನನ್ನಿಂದ. ಬ್ಯಾಡಗಿಯಲ್ಲಿ ಮನೆ ಮಾಲೀಕ ಸ್ನಾನಕ್ಕೆ ನೀರು ಕಾಯಿಸುವ ಒಲೆಯಲ್ಲಿ ನಾನೊಂದು ಹಿಡಿ ಒಣಮೆಣಸಿನಕಾಯಿ ಹಾಕಿದೆ. ಆತ ಮೈಗೆಲ್ಲ ಸೋಪು ಹಚ್ಚಿಕೊಂಡು ಬೀದಿಗೆ ಓಡಿಬಂದ. ಓಣಿಯೆಲ್ಲ ನಕ್ಕಿತು. ಮರುವಾರ ನೀಲವ್ವ ಮತ್ತೊಮ್ಮೆ ಭಾಂಡೆ ಸಾಮಾನು ಗೋಣಿಚೀಲಕ್ಕೆ ತುಂಬಿದಳು. ಅವತ್ತು ಆಕೆ ನಕ್ಕಿರಲಿಲ್ಲ ಎಂಬುದು ನನಗೆ ನೆನಪಾದದ್ದು ತೀರ ಈಚೆಗೆ.

ಆಕೆಯ ತಂಗಿಯ ಮಗಳು ಸುನಂದಾ ನಮ್ಮ ಮನೆಯಲ್ಲೇ ಇದ್ದು ನರ್ಸಿಂಗ್ ಓದಿದವಳು. ನಮಗೆ ಮಕ್ಕಳಿಲ್ಲದ್ದರಿಂದ ಅವಳೇ ಮಗಳು. ಸ್ಕಾಟ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಮೇಲೆ, ಎರಡು ಸಾವಿರದ ಆರರಲ್ಲಿ, ಆರು ತಿಂಗಳು ತನ್ನ ಜೊತೆ ಬಂದು ಇರಿ ಎಂದು ಹಟ ಹಿಡಿದಳು. ಹೋದೆವು. ವಿಮಾನ ಇಳಿದ ಕೂಡಲೇ ನೀಲವ್ವನ ಕಂಬಳಿ ಬಿಚ್ಚಿಸಿ ನಾಯಿಯಿಂದ ಮೂಸಿಸಿದರು. ನಾಯಿ ಮೂರು ಸಲ ಸೀನಿತು. ಒಳಗೆ ಬ್ಯಾಡಗಿ ಮೆಣಸಿನಪುಡಿಯ ಪೊಟ್ಟಣವಿತ್ತು. ನನ್ನ ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ನಾಯಿಯೊಂದನ್ನು ಸೀನಿಸುವುದು ಬಾಕಿ ಉಳಿದಿತ್ತು, ಅದೂ ಆಯಿತು.

ಒಂದೇ ಗಾಡಿ ಹಿಡಿಯುವ ರಸ್ತೆ

ಆ ಊರಿನ ಹೆಸರು ಬರೆಯುವುದಿಲ್ಲ. ಮೇ ತಿಂಗಳಲ್ಲಿ ಅಲ್ಲಿ ಆಕಾಶ ಹಳೆಯ ಅಲ್ಯೂಮಿನಿಯಂ ಪಾತ್ರೆಯ ಬಣ್ಣ. ಜೂನಿನಲ್ಲೂ ಅದೇ. ಮಳೆ ಎಂದರೆ ನಮ್ಮಲ್ಲಿ ಬರುವಂಥದ್ದು, ಹೋಗುವಂಥದ್ದು. ಅಲ್ಲಿ ಅದು ಇರುವಂಥದ್ದು. ಸುನಂದಾ ಡ್ಯೂಟಿಗೆ ಹೋದರೆ ನಾವಿಬ್ಬರೂ ಕಿಟಕಿಯ ಎರಡು ಬದಿಗೆ ಕೂತು ಬೀದಿ ನೋಡುವುದು. ಬೀದಿಯಲ್ಲಿ ಯಾರೂ ಇಲ್ಲ. ಕಾಡಿಸಲು ಒಬ್ಬ ಮನುಷ್ಯನೂ ಸಿಗದೆ ನನಗೆ ಮೈ ಬಿಸಿಯಾಗತೊಡಗಿತ್ತು.

ಆಗ ಬಾಗಿಲು ತಟ್ಟಿದವನು ಪಕ್ಕದ ಮನೆಯ ಆರ್ಚಿ. ಎಪ್ಪತ್ತೊಂದು ವರ್ಷದವನು, ಹೆಂಡತಿಯನ್ನು ಕಳೆದುಕೊಂಡವನು, ಮನೆಮನೆಗೆ ಟಪಾಲು ಹಂಚಿ ನಿವೃತ್ತನಾದವನು. ಆತನ ಮೀನಖಂಡ ನನ್ನ ತೊಡೆಯಷ್ಟು ದಪ್ಪ. ವಾರಕ್ಕೊಂದು ಗುಡ್ಡ ಹತ್ತದಿದ್ದರೆ ಆತನಿಗೆ ಊಟ ಸೇರುವುದಿಲ್ಲವಂತೆ. ನಮ್ಮನ್ನೂ ಕರೆದೊಯ್ಯುತ್ತೇನೆ ಎಂದ. ಎರಡನೇ ದಿನಕ್ಕೇ ನಾನು ಆತನನ್ನು ಆರ್ಚಪ್ಪ ಮಾಡಿಬಿಟ್ಟೆ.

ಆತನ ಕಾರಿನಲ್ಲಿ ನಾನು ಮುಂದೆ ಕೂತೆ. ಡ್ರೈವರನಾದವನಿಗೆ ಪಕ್ಕದ ಸೀಟು ಎಂದರೆ ಶಿಕ್ಷೆ. ಕಾಲು ತಾನೇ ಬ್ರೇಕ್ ಹುಡುಕುತ್ತದೆ. ರಸ್ತೆ ನೋಡಿದರೆ ಹಲಗೇರಿಯ ಹೊಲಕ್ಕೆ ಹೋಗುವ ಬಂಡಿದಾರಿಯಷ್ಟು ಅಗಲ, ಆದರೆ ಡಾಂಬರು ನುಣ್ಣಗೆ. ಅಲ್ಲಲ್ಲಿ ಅಂಚು ಉಬ್ಬಿಸಿ ಒಂದು ಗಾಡಿ ನಿಲ್ಲುವಷ್ಟು ಜಾಗ ಮಾಡಿದ್ದಾರೆ. ಎದುರಿನಿಂದ ಗಾಡಿ ಬಂದರೆ ಯಾರಿಗೆ ಆ ಜಾಗ ಹತ್ತಿರವೋ ಅವರು ನಿಲ್ಲುತ್ತಾರೆ. ಇನ್ನೊಬ್ಬ ದಾಟುವಾಗ ಸ್ಟೇರಿಂಗಿನಿಂದ ಒಂದು ಬೆರಳು ಎತ್ತುತ್ತಾನೆ. ಹತ್ತು ಗಾಡಿ ಬಂದವು, ಹತ್ತೂ ಬೆರಳು ಎದ್ದವು. ಆರ್ಚಪ್ಪನನ್ನು ಕಂಡು ನನಗೆ ಗೌರವ ಬಂತು.

"ಇಂವಂದು ಭಾಳ ದೊಡ್ಡ ಪರಿಚಯ ಬಿಡು. ಇಡೀ ಜಿಲ್ಲಾದ ಮಂದಿ ನಮಸ್ಕಾರ ಮಾಡತೈತಿ," ಎಂದೆ ಹಿಂದೆ ಕೂತ ನೀಲವ್ವನಿಗೆ.

"ನಿಮಗೂ ಪರಿಚಯದವರು ಭಾಳ ಮಂದಿ ಅದಾರ್ರಿ. ಆದ್ರ ಅವರು ಎತ್ತೂದು ಬೆರಳಲ್ಲ, ಚಪ್ಪಲಿ."

ಆಕೆಯ ಪಕ್ಕ ಕೂತಿದ್ದ ಸುನಂದಾ ನಗುತ್ತ ಹೇಳಿದಳು: "ದೊಡ್ಡಪ್ಪಾ, ಅದು ಪರಿಚಯ ಅಲ್ಲ. ದಾರಿ ಬಿಟ್ಟಿದ್ದಕ್ಕ ಥ್ಯಾಂಕ್ಸ್ ಹೇಳಾಕತ್ತಾರ."

ನಾನು ಗುತ್ತಲದ ರಸ್ತೆಯಲ್ಲಿ ಮೂವತ್ತೊಂದು ವರ್ಷ ಎದುರಿಗೆ ಬಂದ ಚಕ್ಕಡಿ, ಟ್ರ್ಯಾಕ್ಟರು, ಮದುವೆ ದಿಬ್ಬಣ ಎಲ್ಲವನ್ನೂ ಡಾಂಬರಿನಿಂದ ಕೆಳಗಿಳಿಸಿದ್ದೇನೆ. ಒಂದು ಬೆರಳೂ ಎದ್ದದ್ದು ನೆನಪಿಲ್ಲ. ಆ ಬೇಜಾರಿನಲ್ಲೇ ರಸ್ತೆಗೆ ಅಡ್ಡ ಬಂದ ಕುರಿಗಳಿಗೆ ಆರ್ಚಪ್ಪನ ಕೈ ದಾಟಿ ಹಾರ್ನ್ ಒತ್ತಿದೆ. ಆತ ಬೆಚ್ಚಿ ಕಾರು ನಿಲ್ಲಿಸಿದ. ಅಲ್ಲಿ ಹಾರ್ನ್ ಎಂದರೆ ಬೈಗುಳ. ಕುರಿಗಳು ಕೂಡ ತಿರುಗಿ ನನ್ನನ್ನೇ ನೋಡಿದವು.

ಮೊದಲ ಗುಡ್ಡ

ಅಲ್ಲಿನ ಗುಡ್ಡಗಳಲ್ಲಿ ಮರವಿಲ್ಲ, ದೇವರಿಲ್ಲ, ಮೆಟ್ಟಿಲಿಲ್ಲ, ಮೇಲೆ ಮಂಡಕ್ಕಿ ಮಾರುವವನೂ ಇಲ್ಲ. ಹತ್ತುವುದು, ನಿಂತು ಗಾಳಿಯ ಪೆಟ್ಟು ತಿನ್ನುವುದು, ಇಳಿಯುವುದು. ಎದುರಿಗೆ ಬಂದವರು "ಹಲೋ" ಎನ್ನುತ್ತಾರೆ, ಹೋಗಿಬಿಡುತ್ತಾರೆ.

"ಎಲ್ಲಿ ಹೊಂಟೀರಿ, ಯಾವೂರು, ಏನೂ ಕೇಳಲಿಲ್ಲಲ್ರಿ! ಸಿಟ್ಟಿಗೆದ್ದಾರೇನು?" ಎಂದು ನೀಲವ್ವ ಚಿಂತೆಗೆ ಬಿದ್ದಳು. ಇಳಕಲ್ ಸೀರೆಯನ್ನು ಮೊಣಕಾಲತನಕ ಎತ್ತಿ ಕಟ್ಟಿ, ಸುನಂದಾಳ ಬೂಟು ತೊಟ್ಟು, ಕಂಬಳಿಯನ್ನು ತಲೆಯಿಂದ ಕೊಪ್ಪೆ ಹಾಕಿಕೊಂಡಿದ್ದಳು. ಆರ್ಚಪ್ಪನ ನೂರೆಂಟು ಜಿಪ್ಪಿನ ಜಾಕೆಟಿನೊಳಗೆ ನೀರು ಇಳಿಯಿತು. ಕಂಬಳಿಯೊಳಗೆ ಇಳಿಯಲಿಲ್ಲ.

ದಾರಿಯುದ್ದಕ್ಕೂ ಅಲ್ಲಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಗುಡ್ಡೆಗಳಿದ್ದವು, ಸೊಂಟದೆತ್ತರ. ಪ್ರತಿ ಗುಡ್ಡೆಯ ಹತ್ತಿರವೂ ಆರ್ಚಪ್ಪ ಬಗ್ಗಿ, ಒಂದು ಕಲ್ಲು ಆಯ್ದು, ಮೇಲಿಟ್ಟು ಮುಂದೆ ಹೋಗುತ್ತಿದ್ದ. ನಾನು ಒಂದರ ಮೇಲಿನ ಕಲ್ಲನ್ನು ತೆಗೆದು ಆತನ ಚೀಲಕ್ಕೆ ಇಳಿಬಿಡಲು ಹೋದೆ. ಆತ ನನ್ನ ಮಣಿಕಟ್ಟು ಹಿಡಿದ. ಮುಖದಲ್ಲಿ ನಗುವಿರಲಿಲ್ಲ. ಆತ ಹೇಳಿದ್ದನ್ನು ಸುನಂದಾ ಕನ್ನಡ ಮಾಡಿದಳು.

"ಇವು ದಾರಿ ತೋರಸೋ ಕಲ್ಲಂತ, ದೊಡ್ಡಪ್ಪಾ. ಮಂಜು ಬಿದ್ರ ಇಲ್ಲಿ ತನ್ನ ಕೈ ತನಗ ಕಾಣೂದಿಲ್ಲಂತ. ಆವಾಗ ಒಂದ ಕಲ್ಲಿನಿಂದ ಇನ್ನೊಂದಕ್ಕ ಹೋಗೂದ ದಾರಿ. ನೀ ಯಾತರದರ ಮಶ್ಕಿರಿ ಮಾಡು, ಈ ಕಲ್ಲಿಂದು ಮಾತ್ರ ಬ್ಯಾಡ ಅಂತಾನ."

ಸರಿ ಎಂದು ಕಲ್ಲು ಇಟ್ಟೆ. ನೀಲವ್ವ ಆಗ ನೂರು ಹೆಜ್ಜೆ ಹಿಂದಿದ್ದಳು. ಈ ಮಾತು ಆಕೆಯ ಕಿವಿಗೆ ಬೀಳಲಿಲ್ಲ. ಏದುಸಿರು ಬಿಡುತ್ತ ಬಂದವಳು ಕಲ್ಲಿನ ಗುಡ್ಡೆಯ ಮುಂದೆ ನಿಂತು ಕೈ ಮುಗಿದಳು.

ನಮ್ಮ ಕಡೆ ಗುಡ್ಡದ ದೇವರಿಗೆ ಹೋದವರು ಇಳಿಯುವಾಗ ಬಯಲಲ್ಲಿ ಕೂತು ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಮಾಡುತ್ತಾರೆ. ಸ್ವಂತ ಮನೆಯಿಲ್ಲದವರ ಹರಕೆ ಅದು. ಇಟ್ಟ ಕಲ್ಲು ಬೀಳದೆ ನಿಂತರೆ ಮನೆಯಾಗುತ್ತದೆ ಎಂಬ ನಂಬಿಕೆ. ನೀಲವ್ವ ಮದುವೆಯಾದ ವರ್ಷದಿಂದ ಇಟ್ಟಿದ್ದಾಳೆ, ಪ್ರತಿ ಗುಡ್ಡದಲ್ಲೂ. ನಾನು ಹಿಂದೆ ನಿಂತು, ಕೆನ್ನೆ ಉಬ್ಬಿಸಿ, ಊದಿ ಕೆಡವುವವನ ಹಾಗೆ ಮಾಡುತ್ತಿದ್ದೆ. ಆಕೆ ಎರಡೂ ಕೈ ಅಡ್ಡ ಹಿಡಿಯುತ್ತಿದ್ದಳು.

"ಏನ್ರಿ, ಇಷ್ಟ ಮಂದಿಗೆ ಮನಿ ಇಲ್ಲೇನ್ರಿ ಈ ದೇಶದಾಗ? ಎಷ್ಟೆಷ್ಟ ಎತ್ತರ ಇಟ್ಟಾರ ನೋಡ್ರಿ. ಪಾಪ."

ಹೇಳಬೇಕಾಗಿತ್ತು. ಬಾಯಿಯಲ್ಲಿ ಮಾತೂ ಇತ್ತು. ಆದರೆ ಇಷ್ಟು ಸೊಗಸಾದ ಅವಕಾಶ ಕೈಗೆ ತಾನಾಗಿ ಬಂದಾಗ ನನ್ನಂಥವನು ಬಿಡುವುದುಂಟೇ?

"ಹೂಂ. ಎಲ್ಲಾರೂ ನಿನ್ನಂಗ ಬಾಡಿಗಿ ಮನ್ಯಾಗ ಅದಾರಂತ. ಆರ್ಚಪ್ಪನೂ ಮನಿಗೇ ಹರಕಿ ಹೊತ್ತಾನ. ಅದಕ್ಕ ನೋಡು, ಸಿಕ್ಕಸಿಕ್ಕಲ್ಲೆ ಒಂದೊಂದು ಕಲ್ಲು ಇಡತಾನ."

"ನಾನೂ ಇಡ್ಲೇನ್ರಿ?"

"ಇಡು. ಇಲ್ಲಿ ದೇವರು ನಿನ್ನ ಮಾರಿ ನೋಡಿಲ್ಲ, ಮೋಸ ಹೋದರೂ ಹೋದಾನು."

ಮೋಟುಕಾಲಿನ ಪ್ರಾಣಿ

ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಇದು ನಮಗೆ ಗೊತ್ತು, ಆರ್ಚಪ್ಪನಿಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಆತನ ಎದುರೇ ರಕ್ತದ ಬಣ್ಣದ ಪುಡಿ ಒಂದು ಚಮಚ ಬಾಯಿಗೆ ಸುರಿದುಕೊಂಡು, ಕಣ್ಣು ಮಿಟುಕಿಸದೆ ನುಂಗಿ, ಮೀಸೆ ಒರೆಸಿಕೊಂಡೆ. ಆತ ನೀರಿನ ಬಾಟಲಿ ಹಿಡಿದು ನನ್ನ ಸುತ್ತ ಓಡಾಡಿದ. ನಾನು ಎದೆ ತಟ್ಟಿಕೊಂಡು "ಇಂಡಿಯಾ ಡ್ರೈವರ್" ಎಂದೆ. ಸುನಂದಾ ಅವತ್ತು ಡ್ಯೂಟಿಯಲ್ಲಿದ್ದಳು, ಆತನಿಗೆ ನಿಜ ಹೇಳುವವರೇ ಇರಲಿಲ್ಲ. ಮೂರು ದಿನ ಆತ ನನ್ನನ್ನು ಪವಾಡಪುರುಷನಂತೆ ನೋಡಿದ. ನಾಲ್ಕನೇ ದಿನ ಸುನಂದಾ ಬಾಯಿಬಿಟ್ಟಳು.

ಆತ ಸಿಟ್ಟಾಗಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಮುಂದಿನ ವಾರ ಗುಡ್ಡದ ಬುಡದಲ್ಲಿ ಪೇಪರಿನ ಅಂಚಿನ ಮೇಲೆ ಒಂದು ಪ್ರಾಣಿಯ ಚಿತ್ರ ಬರೆದ. ಕುರಿಮರಿಯಷ್ಟು ದೊಡ್ಡದು, ಮೈತುಂಬ ಕೂದಲು, ಎಡಗಡೆಯ ಎರಡು ಕಾಲು ಗಿಡ್ಡ. ಗುಡ್ಡದ ಇಳಿಜಾರಿನಲ್ಲಿ ಒಂದೇ ದಿಕ್ಕಿಗೆ ಓಡುತ್ತದೆಯಂತೆ. ನಾವು ಎದುರು ದಿಕ್ಕಿನಿಂದ ಹೋದರೆ ಅದು ತಿರುಗಲಾಗದೆ ಉರುಳಿ ಬೀಳುತ್ತದೆಯಂತೆ. ಇಷ್ಟನ್ನೂ ಕೈಸನ್ನೆಯಲ್ಲಿ, ಗುರುಗಳ ಹಾಗೆ ಗಂಭೀರವಾಗಿ ವಿವರಿಸಿದ. ನಾನು ಚೀಲ ಹಿಡಿದು ಎರಡು ತಾಸು ಜಿಟಿಜಿಟಿ ಮಳೆಯಲ್ಲಿ, ನೊರಜು ಕಚ್ಚಿಸಿಕೊಳ್ಳುತ್ತ, ಗುಡ್ಡವನ್ನು ಎದುರು ದಿಕ್ಕಿನಿಂದ ಸುತ್ತಿದೆ.

ತಿರುಗಿ ಬಂದಾಗ ಇಬ್ಬರೂ ಚಹಾ ಕುಡಿಯುತ್ತಿದ್ದರು. ಆರ್ಚಪ್ಪ ನನ್ನ ಖಾಲಿ ಚೀಲ ನೋಡಿ ಹುಲ್ಲಿನ ಮೇಲೆ ಬಿದ್ದು ಹೊರಳಾಡಿ ನಕ್ಕ. ನೀಲವ್ವನ ಕಣ್ಣಲ್ಲೂ ನೀರು.

"ಮೂವತ್ತೊಂದು ವರ್ಷಕ್ಕ ನಿಮಗೊಬ್ಬರು ಜೋಡಿ ಸಿಕ್ಕರು ನೋಡ್ರಿ," ಎಂದಳು.

ನಾನು ಆತನ ಮೂಗಿನ ಮುಂದೆ ಬೆರಳಾಡಿಸಿ, ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ: "ಮೈ ಟರ್ನ್. ವೇಟ್." ಮುಂದಿನ ಸರದಿ ನನ್ನದು, ಕಾದಿರು ಎಂದು. ಆತ ನಗುತ್ತಲೇ ಕೈ ಕುಲುಕಿದ. ಆ ದೇಶದಲ್ಲಿ ನನಗೊಬ್ಬ ಗೆಳೆಯ ಸಿಕ್ಕ ಎಂದು ಗೊತ್ತಾದದ್ದು ಆ ಕೈ ಕುಲುಕಿನಲ್ಲಿ.

ಕೆರೆ ಕಾಣುವ ಗುಡ್ಡ

ಆಮೇಲೆ ನಮಗೆಲ್ಲ ಒಂದೇ ಗುಡ್ಡ ಮೆಚ್ಚಿಗೆಯಾಯಿತು. ಅರ್ಧ ಎತ್ತರದಲ್ಲಿ ಸಮತಟ್ಟು ಜಾಗ, ಅದರ ಅಂಚಿನಿಂದ ಕೆಳಗೆ ಉದ್ದನೆಯ ಕೆರೆ. ನೀಲವ್ವನಿಗೆ ಮೊಣಕಾಲು ನೋವು. ಆಕೆ ಅಲ್ಲಿ ಕೂರುವುದು, ನಾವಿಬ್ಬರು ತುದಿ ಮುಟ್ಟಿ ಬರುವುದು. ಸುನಂದಾಳಿಗೆ ಭಾನುವಾರ ರಜೆ ಸಿಗುತ್ತಿರಲಿಲ್ಲ. ನಾವು ಮೂವರೇ.

ಆಕೆಯ ಅಪ್ಪ ಹಲಗೇರಿಯಲ್ಲಿ ಹೊಲದ ಒಡ್ಡಿಗೆ ಕಲ್ಲು ಪೇರಿಸುವುದರಲ್ಲಿ ಹೆಸರಾದವನು. ಆ ಕೈ ಮಗಳಿಗೂ ಬಂದಿತ್ತು. ನಾಲ್ಕನೇ ಭಾನುವಾರ ಆರ್ಚಪ್ಪ ಮೇಲೆ ಫೋಟೋ ತೆಗೆಯುತ್ತ ಹಿಂದುಳಿದಾಗ ನಾನು ಮೊದಲೇ ಇಳಿದುಬಂದೆ. ಆಕೆ ನನ್ನ ತೋಳು ಹಿಡಿದು ದಾರಿಯ ಬದಿಯ ಸಣ್ಣ ದಿಬ್ಬದ ಹಿಂದಕ್ಕೆ ಎಳೆದೊಯ್ದಳು. ಅಲ್ಲಿ ಹತ್ತು ಹತ್ತು ಹೆಜ್ಜೆಗೆ ಒಂದರಂತೆ, ಸೊಂಟದೆತ್ತರ, ಸಾಲಾಗಿ ನಾಲ್ಕು ಕಲ್ಲಿನ ಗುಡ್ಡೆಗಳು. ಆ ದೇಶದವರು ಇಟ್ಟದ್ದಕ್ಕಿಂತ ನೆಟ್ಟಗೆ.

"ಇದು ಪಡಸಾಲಿ," ಎಂದಳು. "ಅದು ಅಡಿಗಿಮನಿ. ಗಾಳಿ ಈ ಕಡಿಂದ ಬೀಸತೈತಿ, ಹೊಗಿ ಒಳಗ ತಿರಗೂದಿಲ್ಲ."

"ಅದು?"

"ದೇವರಮನಿ. ಮುಟ್ಟಬ್ಯಾಡ್ರಿ! ಸ್ನಾನ ಮಾಡೀರೇನು?"

"ತುದ್ಯಾಗಿಂದು?"

"ಹಿತ್ತಲ. ಭಾಂಡೆ ತಿಕ್ಕೋಂತ ಕೆರಿ ನೋಡಬಹುದು."

"ನಿನ್ನ ಮನ್ಯಾಗ ನನಗ ಎಲ್ಲೆ ಜಾಗಾ?"

"ನೀವು ಕಟ್ಟಿ ಮ್ಯಾಲ ಕುಂದರ್ರಿ, ಹೋಗೂ ಬರೂ ಮಂದೀನ ಕಾಡ್ಕೋಂತ. ಕಟ್ಟಿ ಇನ್ನೂ ಆಗಿಲ್ಲ. ಕಟ್ಟಿ ದಾರಿ ಮಗ್ಗಲಕ ಇರಬೇಕು. ಅದಕ್ಕ ದೊಡ್ಡ ಕಲ್ಲು ಬೇಕು, ನನ್ನ ಕೈಲೆ ಆಗೂದಿಲ್ಲ."

ಮುಂದಿನ ಭಾನುವಾರ ಇಳಿಯುವಾಗ ಆರ್ಚಪ್ಪ ಕಾರು ತಿರುಗಿಸಿಡಲು ಮುಂದೆ ಹೋದ. ದಾರಿ ಎಡಕ್ಕೆ ಹೊರಳುವ ತಿರುವಿನಲ್ಲಿ ನಾನು ಕಟ್ಟೆಯ ಕಲ್ಲು ಎತ್ತಿಕೊಟ್ಟೆ. ಅರವತ್ತೆರಡರ ವಯಸ್ಸಿನಲ್ಲಿ ಅಂಥ ಕಲ್ಲು ಎತ್ತುವವನು ಹಾವೇರಿ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ. ಎತ್ತುತ್ತಲೇ ಒಂದು ಕ್ಷಣ ಆರ್ಚಪ್ಪ ನನ್ನ ಮಣಿಕಟ್ಟು ಹಿಡಿದದ್ದು ನೆನಪಾಯಿತು. ಆಕೆ ಮಣ್ಣಿನ ಕೈಯಿಂದ ಹಣೆಯ ಕೂದಲು ಸರಿಸಿಕೊಂಡು, "ಆತು ನೋಡ್ರಿ," ಎಂದಳು. ಐದು ಗುಡ್ಡೆ. ಕಟ್ಟೆಯಿಂದ ಹಿತ್ತಲವರೆಗೆ ನೇರ ಸಾಲು. ನಾನೇನೂ ಹೇಳಲಿಲ್ಲ.

ಬುಧವಾರ

ಬುಧವಾರ ಮಂಜು ಇಳಿಯಿತು. ಸಂಜೆ ಸುನಂದಾ ಆಸ್ಪತ್ರೆಯಿಂದ ಹೊತ್ತಿಗೆ ಮೊದಲೇ ಬಂದಳು. ನೀಲವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಸುನಂದಾ ನನ್ನನ್ನು ಹೊರಗೆ ಕರೆದಳು.

"ದೊಡ್ಡಪ್ಪಾ, ಆರ್ಚಿ ಬಿದ್ದಾನ. ತೊಡಿ ಎಲುವು ಮುರದೈತಿ. ನಮ್ಮ ವಾರ್ಡಿಗೇ ತಂದಾರ."

"ಎಲ್ಲೆ?"

"ಅದ ನಿಮ್ಮ ಗುಡ್ಡ. ಒಬ್ಬನ ಹೋಗಿದ್ದನಂತ. ತಿರುವಿನಾಗ ದಾರಿ ಕಾಣಲಿಲ್ಲ, ಕಲ್ಲು ಹಿಡಕೊಂಡು ಹೋದ್ನಂತ. ಒಂದು, ಎರಡು, ಮೂರು, ನಾಕು, ಐದು. ಐದನೇದು ದಾಟಿ ಹೆಜ್ಜಿ ಇಟ್ರ ನೆಲಾನ ಇಲ್ಲ. ಎರಡಾಳು ಆಳಕ್ಕ ಬಿದ್ದು ನಾಕು ತಾಸು ಸೀಟಿ ಊದಿಕೋಂತ ಬಿದ್ದಿದ್ದ. ಯಾರೋ ಸುಳ್ಳ ಕಲ್ಲು ಇಟ್ಟಾರಂತ, ದೊಡ್ಡಪ್ಪಾ. ಹಿಂಗ ಯಾರರ ಮಾಡತಾರೇನು?"

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಲೇ ಇತ್ತು. ನಾನು ಸುನಂದಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಗೋಡೆಗೆ ಒರಗಿದಳು.

"ದೊಡ್ಡವ್ವ ಅಲ್ಲೇ ಕುಂಡ್ರತಿದ್ಲು ಅಂತ ಆರ್ಚಿಗೆ ಗೊತ್ತೈತಿ. ಯಾರನ್ನರ ನೋಡಿದ್ಲೇನು ಕೇಳು ಅಂತ ನನಗ ಹೇಳಿ ಕಳಿಸ್ಯಾನ. ಏನಂತ ಕೇಳ್ಲಿ?"

ಆಕೆಯನ್ನು ಕೇಳಿದರೆ ಆಕೆ ನಗುತ್ತ, "ನಂದ ಮನಿ ಅದು," ಎನ್ನುತ್ತಿದ್ದಳು. ಮರುಕ್ಷಣ ಎಲ್ಲ ತಿಳಿಯುತ್ತಿತ್ತು. ಆಕೆ ಜೀವಮಾನದಲ್ಲಿ ಕಟ್ಟಿದ ಒಂದೇ ಮನೆ ಒಬ್ಬನ ಕಾಲು ಮುರಿದದ್ದು ಎಂದು ತಿಳಿದುಕೊಂಡು ಆಕೆ ಉಳಿದ ದಿನ ದೂಡಬೇಕಿತ್ತು.

"ಕೇಳಬ್ಯಾಡ," ಎಂದೆ. "ನನ್ನ ಕರಕೊಂಡು ನಡಿ."

ಆಸ್ಪತ್ರೆ

ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಸುತ್ತ ಹತ್ತು ಜನ, ಟಿಫಿನ್ ಡಬ್ಬಿ, ಅಳು, ಜಗಳ. ಅಲ್ಲಿ ಆರ್ಚಪ್ಪ ಒಬ್ಬನೇ, ಬಿಳಿ ಹಾಸಿಗೆ, ಕಾಲಿಗೆ ತೂಕ ಕಟ್ಟಿ ಜಗ್ಗಿದ್ದರು. ನನ್ನನ್ನು ಕಂಡು ಕೈ ಎತ್ತಿದ. ಸ್ಟೇರಿಂಗಿನ ಮೇಲಿನಿಂದ ಎತ್ತುವ ಹಾಗೆ, ಒಂದೇ ಬೆರಳು.

ಸುನಂದಾ ಅನುವಾದಕ್ಕೆ ಬಾಯಿ ತೆರೆದಳು. ಬೇಡ ಎಂದೆ.

"ಆರ್ಚಪ್ಪ. ಸ್ಟೋನ್," ಎಂದೆ. ಎದೆ ಮುಟ್ಟಿಕೊಂಡೆ. "ಮೈ ಟರ್ನ್."

ಅರ್ಥವಾಗಲು ಆತನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ನಕ್ಕ, ಇದೂ ಒಂದು ಮಶ್ಕಿರಿ ಎಂದುಕೊಂಡು. ನಾನು ನಗಲಿಲ್ಲ. ಆತನ ನಗು ಅಲ್ಲೇ ನಿಂತು, ಮೆಲ್ಲಗೆ ಹೋಯಿತು. ಎರಡು ಮಾತು ಆಡಿ ಮುಖವನ್ನು ಗೋಡೆಗೆ ತಿರುಗಿಸಿಕೊಂಡ. ನಾವು ಹೊರಡುವವರೆಗೂ ಈಚೆ ತಿರುಗಲಿಲ್ಲ. ನನ್ನ ಆಯುಷ್ಯದಲ್ಲಿ ಯಾವ ಸುಳ್ಳನ್ನೂ ಯಾರೂ ಇಷ್ಟು ಸಲೀಸಾಗಿ ನಂಬಿರಲಿಲ್ಲ.

"ಏನಂದ?" ಎಂದು ಹೊರಗೆ ಬಂದು ಕೇಳಿದೆ.

"ಕಲ್ಲಿಂದು ಮಾತ್ರ ಬ್ಯಾಡಂತ ಹೇಳಿದ್ನೆಲ್ಲ, ಅಂದ. ಅಷ್ಟ," ಎಂದಳು ಸುನಂದಾ. ಅಷ್ಟೇ ಆಗಿರಲಿಕ್ಕಿಲ್ಲ.

ಮನೆಯಲ್ಲಿ ನೀಲವ್ವನಿಗೆ ಬೇರೆ ಸುಳ್ಳು ಬೇಕಿತ್ತು. ಗುಡ್ಡದ ಬುಡದಲ್ಲಿ ದಾರಿ ತೋರಿಸುವ ಬಾಣದ ಹಲಗೆಯನ್ನು ನಾನು ತಮಾಷೆಗೆ ತಿರುಗಿಸಿಟ್ಟಿದ್ದೆ, ಆರ್ಚಪ್ಪ ದಾರಿ ತಪ್ಪಿ ಬಿದ್ದ ಎಂದೆ. ಆಕೆ ಹಿಟ್ಟಿನ ಕೈಯಲ್ಲೇ ನಿಂತು ಕೇಳಿದಳು.

"ಹೆಂಡತಿ ಇಲ್ಲದ ಮನುಷ್ಯಾ ಅಂವ. ಅಂವಗ ನೀರು ಕೊಡಾಕ ಯಾರದಾರ್ರಿ? ನಿಮ್ಮ ಮಶ್ಕಿರಿಗೆ ನಾ ಒಂಬತ್ತು ಮನಿ ಬಿಟ್ಟೆ, ಒಂದು ಮಾತು ಅಂದಿಲ್ಲ. ಇದನ್ನ ಹೊಟ್ಯಾಗ ಹಾಕ್ಕೊಳ್ಳಾಕ ಆಗೂದಿಲ್ಲ ನನಗ."

ಬಾಗಿಲತನಕ ಹೋದವಳು ತಿರುಗಿ ನಿಂತಳು.

"ನನ್ನ ಮನಿಗರ ಏನೂ ಮಾಡಿಲ್ಲಲ್ಲ?"

"ಇಲ್ಲ. ನಿಂತೈತಿ."

ಅದಾದ ಮೇಲೆ ನಾಲ್ಕು ತಿಂಗಳು ಆಕೆ ನನ್ನೊಡನೆ ಮಾತಾಡಲಿಲ್ಲ. ರೊಟ್ಟಿ ತಟ್ಟೆಗೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಮತ್ತೆ ಅದೇ ಗುಡ್ಡ

ಆಸ್ಪತ್ರೆಗೆ ಹೋಗಿಬಂದ ಮರುದಿನವೇ ಬೆಳಿಗ್ಗೆ ಒಬ್ಬನೇ ಅಲ್ಲಿನ ಸಣ್ಣ ಬಸ್ಸಿನಲ್ಲಿ ಹೋದೆ. ಎದುರು ಬಂದ ಗಾಡಿಗಳಿಗೆಲ್ಲ ಡ್ರೈವರ್ ಬೆರಳು ಎತ್ತುತ್ತಿದ್ದ. ನಾನು ಕೈಯನ್ನು ಜೇಬಿನಲ್ಲಿಟ್ಟುಕೊಂಡೆ.

ಮೊದಲು ಕಟ್ಟೆ ಕೆಡವಿದೆ. ಅದು ನಾನೇ ಎತ್ತಿಕೊಟ್ಟ ಕಲ್ಲು. ಅವತ್ತು ಹೂವಿನಂತೆ ಎದ್ದದ್ದು ಇವತ್ತು ಜಗ್ಗಲೇ ಇಲ್ಲ, ಕಾಲಿನಿಂದ ಒದ್ದು ಉರುಳಿಸಿದೆ. ಆಮೇಲೆ ಪಡಸಾಲೆ. ಆಮೇಲೆ ಗಾಳಿ ನೋಡಿ ಕಟ್ಟಿದ ಅಡಿಗೆಮನೆ. ಹಲಗೇರಿಯ ಕೈ, ಒಂದು ಕಲ್ಲು ತೆಗೆದರೂ ಇನ್ನೊಂದು ಅಲುಗುತ್ತಿರಲಿಲ್ಲ. ಒಂದೊಂದನ್ನೂ ಬಿಡಿಸಿ ಬಿಡಿಸಿ ಹುಲ್ಲಿನಲ್ಲಿ ದೂರ ದೂರ ಚೆಲ್ಲಿದೆ, ಮತ್ತೆ ಯಾರಿಗೂ ಸಾಲಿನ ಹಾಗೆ ಕಾಣಬಾರದು ಎಂದು. ಹಿತ್ತಲಿನ ಹತ್ತಿರ, ಅಂಚಿನಾಚೆ, ಬಂಡೆಯ ಮೇಲೆ ಆರ್ಚಪ್ಪನ ಒಂದು ಕೈಗವಸು ಬಿದ್ದಿತ್ತು.

ದೇವರಮನೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅದರ ನಡುವೆ ಮಳೆ ತಾಗದ ಹಾಗೆ ಒಂದು ಗೂಡು ಮಾಡಿದ್ದಳು. ಒಳಗೆ ಅಂಗೈಯಷ್ಟು ಚಪ್ಪಟೆ ಕಲ್ಲು, ಅದರ ಮೇಲೆ ಕುಂಕುಮ, ಒಂದು ಅಡಿಕೆ. ಆ ಕಲ್ಲನ್ನು ಜೇಬಿಗೆ ಹಾಕಿಕೊಂಡೆ. ಉಳಿದದ್ದನ್ನು ಚೆಲ್ಲಿದೆ. ಐದು ಭಾನುವಾರ ಕಟ್ಟಿದ್ದು ಅರ್ಧ ಗಂಟೆಯಲ್ಲಿ ಬಯಲಾಯಿತು. ಒಂಬತ್ತು ಬಾಡಿಗೆ ಮನೆ ಬಿಡಿಸಿದವನು ಹತ್ತನೆಯದನ್ನೂ ಬಿಡಿಸಿದೆ.

ರಾಣೇಬೆನ್ನೂರು

ಊರಿಗೆ ಬಂದ ಮೇಲೆ ಆ ಕಲ್ಲನ್ನು ನನ್ನ ಟ್ರಂಕಿನಲ್ಲಿ, ಹಳೆಯ ಖಾಕಿ ಡ್ರೆಸ್ಸಿನ ಕೆಳಗೆ ಇಟ್ಟೆ. ಆ ಟ್ರಂಕನ್ನು ಯಾರೂ ಮುಟ್ಟುವುದಿಲ್ಲ. ನೀಲವ್ವ ಮೌನವಾಗಿಯೇ ಇದ್ದಳು. ಒಂದು ದಿನ ಚಹಾದಂಗಡಿಯಿಂದ ಬರುವಷ್ಟರಲ್ಲಿ, "ಚಾ ಮಾಡ್ಲೇನ್ರಿ?" ಎಂದಳು, ಏನೂ ಆಗೇ ಇಲ್ಲದವಳ ಹಾಗೆ. ಆ ದಿನ ಹಗ್ಗದ ಮೇಲೆ ನನ್ನ ಖಾಕಿ ಬಟ್ಟೆ ಒಣಗುತ್ತಿತ್ತು. ನೋಡಿದೆ. ನೋಡಿ, ಮಾತು ಬಂದ ಸಂತೋಷದಲ್ಲಿ ಮರೆತುಬಿಟ್ಟೆ.

ಬಂದವರಿಗೆಲ್ಲ ಆಕೆ ಹೇಳುತ್ತಿದ್ದಳು, ಪರದೇಶದಲ್ಲಿ ನಮ್ಮದೊಂದು ಮನೆ ಇದೆ, ಹಿತ್ತಲಲ್ಲಿ ನಿಂತರೆ ಕೆರೆ ಕಾಣುತ್ತದೆ ಎಂದು. ಬೆಳಿಗ್ಗೆ ಪೂಜೆ ಮುಗಿಸಿ ಬಂದು ನನ್ನನ್ನು ಕೇಳುತ್ತಿದ್ದಳು:

"ಮನಿ ನಿಂತೈತಲ್ರಿ?"

"ನಿಂತೈತಿ. ನಾ ಎತ್ತಿಕೊಟ್ಟ ಕಲ್ಲು ಅದು, ಬೀಳತೈತೇನು?" ಎಂದು ನಾನು ಮೀಸೆ ತಿರುವುತ್ತಿದ್ದೆ.

ಶ್ರಾವಣದಲ್ಲಿ ಹಾಸಿಗೆ ಹಿಡಿದಾಗಲೂ ಕೇಳಿದಳು. ನಾನು ಅದನ್ನೇ ಹೇಳಿದೆ. ಆಕೆ ದಿಂಬಿಗೆ ಮುಖ ಒತ್ತಿಕೊಂಡಳು. ಭುಜ ಅಲುಗಾಡಿತು. ಕೆಮ್ಮು ಎಂದುಕೊಂಡೆ.

ಆರ್ಚಪ್ಪ ಈಗ ಕೋಲು ಹಿಡಿದು ಗೇಟಿನವರೆಗೆ ನಡೆಯುತ್ತಾನಂತೆ. ಗುಡ್ಡ ಮುಗಿಯಿತು. "ಈಗರ ಅಂವಗ ಖರೇ ಹೇಳ್ಲೇನು, ದೊಡ್ಡಪ್ಪಾ?" ಎಂದು ಸುನಂದಾ ಫೋನಿನಲ್ಲಿ ಕೇಳಿದಳು. ಬೇಡ ಎಂದೆ. ಕಟ್ಟೆಯ ಕಲ್ಲು ಎತ್ತುವಾಗ ಆತನ ಮಾತು ನೆನಪಾಗಿಯೂ ಸುಮ್ಮನಿದ್ದವನು ನಾನೇ. ಅದು ನನ್ನ ಹೆಸರಿನಲ್ಲೇ ಇರಲಿ.

ನಾನು ದೇವರ ಜಗಲಿಯ ಹತ್ತಿರ ಸುಳಿಯುವವನಲ್ಲ. ಅಡಿಗೆಮನೆಯ ಮೂಲೆಯ ಆ ಗೂಡು ಆಕೆಯ ಪಾಲಿನದು. ಆಕೆಯ ದಿನಕರ್ಮಗಳೆಲ್ಲ ಮುಗಿದು, ಬಂದವರು ಹೋದ ಮೇಲೆ, ದೀಪವನ್ನಾದರೂ ಹಚ್ಚೋಣ ಎಂದು ಒಂದು ಬೆಳಿಗ್ಗೆ ಹೋದೆ. ಬಾಡಿದ ಹೂವು ಸರಿಸಿದೆ. ದೇವರ ಫೋಟೋಗಳ ಮುಂದೆ, ಎಲ್ಲಕ್ಕಿಂತ ಎದುರಿಗೆ, ಅಂಗೈಯಷ್ಟು ಚಪ್ಪಟೆ ಕಲ್ಲು. ಅದರ ಮೇಲೆ ಕುಂಕುಮ ಪದರ ಪದರವಾಗಿ ಒಣಗಿ, ದಪ್ಪ ಕಟ್ಟಿತ್ತು. ಒಂದು ದಿನದ್ದಲ್ಲ, ಎರಡು ದಿನದ್ದಲ್ಲ. ಖಾಕಿ ಒಗೆದ ದಿನದಿಂದ ಹಚ್ಚಿದ್ದು.

ಮನೆ ನಿಂತಿಲ್ಲ ಎಂದು ಗೊತ್ತಿದ್ದೇ ಆಕೆ ದಿನವೂ ಪೂಜೆ ಮುಗಿಸಿ ಬಂದು ಕೇಳುತ್ತಿದ್ದಳು. ಕೆಡವಿದ್ದು ಯಾಕೆ ಎಂಬುದನ್ನೂ ತಿಳಿದಿದ್ದಳೋ, ಎಷ್ಟು ತಿಳಿದಿದ್ದಳೋ, ಇನ್ನು ಯಾರನ್ನು ಕೇಳುವುದು.

ಕಲ್ಲನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಸ್ನಾನ ಮಾಡಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡೆ.